ಸೆಕ್ವೋಯಾ ರಾಜ್ಯವೇಕೆ ಹುಟ್ಟಲಿಲ್ಲ

ಅಮೆರಿಕದ ಒಕ್ಲಹೋಮಾ ಪ್ರಾಂತ್ಯದೊಂದಿಗೆ ಒಂದೇ ರಾಜ್ಯವಾಗಲು, ಅದರ ಪೂರ್ವಕ್ಕೆ ಮೂಲನಿವಾಸಿಗಳಿಗೆಂದು ಮೀಸಲಿದ್ದ ‘ಇಂಡಿಯನ್ ಟೆರಿಟರಿ’ಯ ಜನರು ಒಪ್ಪಿದ್ದರೇ ಎಂದು ಕೇಳಿದ್ದೀರಿ. ಅವರ ನಾಯಕರು ಬಯಸಿದ್ದು ‘ಸೆಕ್ವೋಯಾ’ ಎಂಬ ಪ್ರತ್ಯೇಕ ರಾಜ್ಯವನ್ನು. ಪಶ್ಚಿಮದ ಒಕ್ಲಹೋಮಾ, 1889ರ ಏಪ್ರಿಲ್ 22ರ ಮಧ್ಯಾಹ್ನ ಸರ್ಕಾರದ ಸಂಕೇತ ಸಿಕ್ಕೊಡನೆ ಕುದುರೆ, ಬಂಡಿ, ರೈಲುಗಳಲ್ಲಿ ನುಗ್ಗಿ, ಗೂಟ ನೆಟ್ಟು ಜಮೀನು ಹಿಡಿದ ವಲಸಿಗರಿಂದ ಬೆಳೆದ ಪ್ರಾಂತ್ಯ. ಪೂರ್ವದಲ್ಲಿ ಚೆರೋಕೀ, ಚಾಕ್ಟಾ, ಚಿಕಸಾ, ಕ್ರೀಕ್, ಸೆಮಿನೋಲ್ ಜನರು ತಮ್ಮದೇ ಸರ್ಕಾರ ನಡೆಸುತ್ತಿದ್ದರು. 1898ರ ಕರ್ಟಿಸ್ ಕಾಯ್ದೆ ಅವರ ನ್ಯಾಯಾಲಯಗಳನ್ನು ರದ್ದುಗೊಳಿಸಿ, ಸಮುದಾಯದ ಭೂಮಿಯನ್ನು ವ್ಯಕ್ತಿಗಳಿಗೆ ಹಂಚಲು ದಾರಿ ಮಾಡಿತು. ಆದರೂ 1905ರಲ್ಲಿ ಅವರ ನಾಯಕರು ಮಸ್ಕೋಗಿ ಪಟ್ಟಣದಲ್ಲಿ ಸೇರಿ ‘ಸೆಕ್ವೋಯಾ’ ರಾಜ್ಯದ ಸಂವಿಧಾನ ರಚಿಸಿದರು, ಮತದಾರರು ಭಾರೀ ಬಹುಮತದಿಂದ ಅನುಮೋದಿಸಿದರು. ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಅದನ್ನು ಅಂಗೀಕರಿಸದೆ, ಎರಡನ್ನೂ ಕೂಡಿಸಲು 1906ರಲ್ಲಿ ಕಾಯ್ದೆ ತಂದಿತು. ಇದು ಘೋರ ಅನ್ಯಾಯವೆಂದೇ ನನ್ನ ಅಭಿಪ್ರಾಯ. 1907ರ ನವೆಂಬರ್ 16ರಂದು ಒಕ್ಲಹೋಮಾ 46ನೆಯ ರಾಜ್ಯವಾಯಿತು.