ಆ ಕೋಟನ್ನು ಅವನು ಮಾರಲೇಬೇಕು

ನಮಸ್ಕಾರ.

ನೀವು ಕಳಿಸಿದ, ಮರದ ಗೊಂಬೆಯ ಕಥೆ ‘ಪಿನೋಕಿಯೋ’ದ ರೂಪಾಂತರವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ತಿದ್ದಿ ಕಳಿಸಿದರೆ ಮತ್ತೆ ಓದುವ ಆಸೆ ನನಗಿದೆ, ಅದಕ್ಕೇ ಕಾರಣಗಳನ್ನು ಬಿಡಿಸಿ ಬರೆಯುತ್ತಿದ್ದೇನೆ.

ನಿಮ್ಮ ಗದ್ಯ ಹಗುರವಾಗಿದೆ. ಹುಡುಗರಿಗೆ ಕತ್ತೆಯ ಕಿವಿ ಮೂಡುವ ಪ್ರಸಂಗವನ್ನು ಗಟ್ಟಿಯಾಗಿ ಓದಿ ನೋಡಿದೆ, ಎಲ್ಲೂ ನಾಲಿಗೆ ತೊಡರಲಿಲ್ಲ. ಮೂವತ್ತಾರು ಅಧ್ಯಾಯಗಳನ್ನು ಇಪ್ಪತ್ತಕ್ಕೆ ಇಳಿಸಿದ್ದೂ ಸರಿಯೇ. ಶಾಲೆಗೆ ಹೋಗು, ಹೇಳಿದ ಮಾತು ಕೇಳು ಎಂಬ ಬುದ್ಧಿವಾದ ಮೂಲದಲ್ಲಿ ಮತ್ತೆ ಮತ್ತೆ ಬರುತ್ತದೆ, ಅದಕ್ಕೆ ಕತ್ತರಿ ಹಾಕಿದ್ದಕ್ಕೆ ನನ್ನ ತಕರಾರಿಲ್ಲ.

ಆದರೆ ನೀವು ಮೂಲ ಕಾದಂಬರಿಯನ್ನು ಓದಿಲ್ಲ ಎಂದು ನನಗೆ ಅನಿಸಿದೆ. ನಿಮ್ಮಲ್ಲಿ, ಗೊಂಬೆಯನ್ನು ಕೆತ್ತಿದ ಅಪ್ಪ ಜೆಪೆಟ್ಟೋನನ್ನು ನುಂಗುವುದು ತಿಮಿಂಗಿಲ. ಕಾರ್ಲೋ ಕೊಲ್ಲೋದಿ ಬರೆದದ್ದು ಶಾರ್ಕ್. ಟೋಪಿ ಹಾಕಿಕೊಂಡು ಕೊನೆಯವರೆಗೂ ಜೊತೆಗಿದ್ದು ಬುದ್ಧಿ ಹೇಳುವ ನಿಮ್ಮ ಜೀರುಂಡೆ 1940ರ ಡಿಸ್ನಿ ಚಿತ್ರದ್ದು. ಕಾದಂಬರಿಯಲ್ಲಿ ನಾಲ್ಕನೇ ಅಧ್ಯಾಯದಲ್ಲೇ ಪಿನೋಕಿಯೋ ಮರದ ಸುತ್ತಿಗೆ ಬೀಸಿ ಅದನ್ನು ಗೋಡೆಗೆ ಅಂಟಿಸಿಬಿಡುತ್ತಾನೆ. ಕೊಲ್ಲೋದಿ ತೀರಿಕೊಂಡದ್ದು 1890ರಲ್ಲಿ, ಅವನ ಕಥೆಯನ್ನು ಯಾರು ಬೇಕಾದರೂ ಬಳಸಬಹುದು. ಚಿತ್ರಕ್ಕಾಗಿ ಹೊಸದಾಗಿ ಹುಟ್ಟಿಸಿದ್ದನ್ನು ಹಾಗೆ ಎತ್ತಿಕೊಳ್ಳಲು ಬರುವುದಿಲ್ಲ. ಇದೊಂದೇ ಕಾರಣಕ್ಕೂ ನಾನು ಹಸ್ತಪ್ರತಿಯನ್ನು ಹಿಂದಕ್ಕೆ ಕಳಿಸಬೇಕಾಗುತ್ತಿತ್ತು.

ನನ್ನನ್ನು ಹೆಚ್ಚು ಕಾಡಿದ್ದು ಬೇರೆ. ‘ಇಂದಿನ ಮಕ್ಕಳಿಗೆ ಹಸಿವು, ಬಡತನ ಅರ್ಥವಾಗುವುದಿಲ್ಲ, ಅದಕ್ಕೇ ಬಿಟ್ಟಿದ್ದೇನೆ’ ಎಂದು ಪತ್ರದಲ್ಲಿ ಬರೆದಿದ್ದೀರಿ. ಆ ಕಥೆಯ ಒಡಲಲ್ಲಿ ಇರುವುದೇ ಹಸಿವು. ಜೆಪೆಟ್ಟೋನ ಮನೆಯಲ್ಲಿ ಉರಿಯುವ ಒಲೆ, ಅದರ ಮೇಲೆ ಕುದಿಯುವ ಪಾತ್ರೆ, ಏಳುವ ಹಬೆ ಎಲ್ಲವೂ ಗೋಡೆಯ ಮೇಲೆ ಬರೆದ ಚಿತ್ರ. ಹಸಿದ ಗೊಂಬೆ ಓಡಿ ಹೋಗಿ ಮುಚ್ಚಳ ತೆಗೆಯಲು ಕೈ ಚಾಚಿದಾಗಲೇ ಅದು ತಿಳಿಯುವುದು. ಸುಳ್ಳು ಹೇಳಿದಾಗ ಬೆಳೆಯುವ ಅವನ ಮೂಗು ಅಲ್ಲಿಯೂ ನಾಲ್ಕು ಬೆರಳಷ್ಟು ಉದ್ದವಾಗುತ್ತದೆ, ಯಾವ ಸುಳ್ಳನ್ನೂ ಹೇಳದೆ. ಮುಂದೆ ಅಪ್ಪ ತನ್ನ ಪಾಲಿನ ಮೂರು ಮರಸೇಬುಗಳನ್ನು ಕೊಡುತ್ತಾನೆ. ಸಿಪ್ಪೆ ತೆಗೆದರೇ ತಿನ್ನುತ್ತೇನೆಂದು ಹಟ ಹಿಡಿದವನು ಕೊನೆಗೆ ಆ ಸಿಪ್ಪೆಯನ್ನೂ ನಡುವಿನ ಗಟ್ಟಿಯನ್ನೂ ಬಿಡದೆ ತಿಂದು ಮುಗಿಸುತ್ತಾನೆ. ಇದಕ್ಕಿಂತ ತಮಾಷೆಯ, ಇದಕ್ಕಿಂತ ನಿಜವಾದ ಊಟದ ಪ್ರಸಂಗವನ್ನು ಮಕ್ಕಳ ಪುಸ್ತಕಗಳಲ್ಲಿ ನಾನು ಹೆಚ್ಚು ಕಂಡಿಲ್ಲ. ನಿಮ್ಮ ಪಿನೋಕಿಯೋ ನೂಡಲ್ಸ್ ತಿಂದು ಮಲಗುತ್ತಾನೆ.

ಆಮೇಲೆ ಕೋಟು. ಮೂಲದಲ್ಲಿ ಜೆಪೆಟ್ಟೋ ತೇಪೆ ಹಾಕಿದ ತನ್ನ ಹಳೆಯ ಕೋಟನ್ನು ಹೊತ್ತುಕೊಂಡು ಹೋಗಿ, ಅಕ್ಷರಮಾಲೆಯ ಪುಸ್ತಕ ಹಿಡಿದು ಬರಿಯ ಅಂಗಿಯಲ್ಲಿ ವಾಪಸು ಬರುತ್ತಾನೆ. ಹೊರಗೆ ಹಿಮ ಬೀಳುತ್ತಿದೆ. ಕೋಟು ಎಲ್ಲಿ ಎಂದು ಮಗ ಕೇಳಿದರೆ, ಮಾರಿದೆ ಎನ್ನುತ್ತಾನೆ. ಯಾಕೆ ಅಂದರೆ, ಸೆಕೆಯಾಗುತ್ತಿತ್ತು ಎನ್ನುತ್ತಾನೆ. ಗೊಂಬೆಗೆ ಕೂಡಲೇ ತಿಳಿಯುತ್ತದೆ, ಹಾರಿ ಅಪ್ಪನ ಕೊರಳು ತಬ್ಬಿ ಮುತ್ತಿಡುತ್ತಾನೆ. ನೀವು ಇಲ್ಲಿ ಜೆಪೆಟ್ಟೋನ ಕೈಯಲ್ಲಿ ಕಂತಿನ ಮೇಲೆ ಟ್ಯಾಬ್ ಕೊಡಿಸಿದ್ದೀರಿ. ಟ್ಯಾಬ್ ಬಂದದ್ದು ನನಗೆ ದೊಡ್ಡ ವಿಷಯವಲ್ಲ, ಆದರೆ ಅಪ್ಪನ ಮೈಮೇಲೆ ಕೋಟು ಹಾಗೇ ಉಳಿದುಬಿಟ್ಟಿದೆ. ಹಿಮ ನಿಂತ ಮೇಲೆ ಹುಡುಗ ಗೊಂಬೆಯಾಟ ನೋಡಲು ಆ ಪುಸ್ತಕವನ್ನು ನಾಲ್ಕು ಕಾಸಿಗೆ ಮಾರಿದಾಗ ಓದುವ ಮಗುವಿನ ಹೊಟ್ಟೆ ಉರಿಯುವುದು, ಅಪ್ಪ ಮನೆಯಲ್ಲಿ ಚಳಿಗೆ ನಡುಗುತ್ತಿದ್ದಾನೆಂದು ಗೊತ್ತಿರುವುದರಿಂದ. ನಿಮ್ಮ ಕಥೆಯಲ್ಲಿ ಮಾರಿಹೋಗುವುದು ಒಂದು ಸಾಮಾನು, ಅಷ್ಟೇ. ಮೂಲದ ಕೊನೆಯ ಅಧ್ಯಾಯದಲ್ಲಿ ಪಿನೋಕಿಯೋ ಬೆಳಗಾಗುವ ಮೊದಲೇ ಎದ್ದು, ರಾಟೆ ತಿರುಗಿಸಿ ನೀರೆತ್ತಿ, ಕಾಯಿಲೆಯ ಅಪ್ಪನಿಗೆ ಒಂದು ಲೋಟ ಹಾಲು ಸಂಪಾದಿಸುತ್ತಾನೆ. ಮೊದಲ ದಿನ ಎತ್ತಿದ್ದು ನೂರು ಬಕೆಟ್ಟು. ಕೋಟು ಮಾರದಿದ್ದರೆ ಆ ನೂರು ಬಕೆಟ್ಟಿಗೆ ತೂಕವೇ ಬರುವುದಿಲ್ಲ.

ಸಾವಿನ ವಿಚಾರ. 1881ರಲ್ಲಿ ಇದು ಮಕ್ಕಳ ಪತ್ರಿಕೆಯಲ್ಲಿ ಕಂತುಗಳಾಗಿ ಬರುತ್ತಿದ್ದಾಗ, ಹದಿನೈದನೇ ಅಧ್ಯಾಯದಲ್ಲಿ ಪಿನೋಕಿಯೋನನ್ನು ಓಕ್ ಮರಕ್ಕೆ ನೇತುಹಾಕಿ ಕೊಲ್ಲೋದಿ ಕಥೆ ಮುಗಿಸಿದ್ದ. ಮುಂದುವರಿಸಿದ್ದು ಮರುವರ್ಷ. ಪುಸ್ತಕವಾದದ್ದು 1883ರಲ್ಲಿ. ಎಂಟು ವರ್ಷದವರಿಗೆ ಬರೆಯುವಾಗ ಆ ಪ್ರಸಂಗವನ್ನು ನಾಲ್ಕು ಸಾಲಿಗೆ ಇಳಿಸಿ, ನಾನು ಒಪ್ಪುತ್ತೇನೆ. ಅಳಿಸಿಹಾಕಬೇಡಿ. ಗೋವಿನ ಹಾಡಿನಲ್ಲಿ ಹುಲಿ ಪ್ರಾಣ ಬಿಡುವುದನ್ನು ನಮ್ಮ ಮಕ್ಕಳು ತಲೆಮಾರುಗಳಿಂದ ಹಾಡುತ್ತಾ ಬಂದಿದ್ದಾರೆ. ಅಳುತ್ತಾರೆ, ಮತ್ತೆ ಹಾಡು ಅನ್ನುತ್ತಾರೆ.

ಮೊದಲು ಸಂಕ್ಷೇಪಿಸದ ಅನುವಾದವೊಂದನ್ನು ಹುಡುಕಿ ಪೂರ್ತಿ ಓದಿ. ಆಮೇಲೆ ಐದರಿಂದ ಒಂಬತ್ತರವರೆಗಿನ ಅಧ್ಯಾಯಗಳನ್ನು ಮಾತ್ರ ಹೊಸದಾಗಿ ಬರೆಯಿರಿ. ವಾಕ್ಯ ಎಷ್ಟು ಚಿಕ್ಕದಾದರೂ ಸರಿ. ಕೋಟು ಮಾರುವ ಪುಟವನ್ನು ಮೊದಲು ಕಳಿಸಿ, ಉಳಿದದ್ದಕ್ಕೆ ಅವಸರವಿಲ್ಲ.

ನಿಮ್ಮ,
ಸಂಪಾದಕ