ಕ್ಯಾಸೆಟ್ ಟ್ರಂಕ್ ಗುಜರಿಗೆ ಹಾಕಲೇ?

ಪ್ರಶ್ನೆ: ಮಾವನವರು ತೀರಿಕೊಂಡ ಮೇಲೆ ಅಟ್ಟದಿಂದ ಎರಡು ಟ್ರಂಕ್ ಕ್ಯಾಸೆಟ್ ಇಳಿಸಿದ್ದೇವೆ. ಸಿನಿಮಾ ಹಾಡು, ಭಾವಗೀತೆ, ಯಕ್ಷಗಾನ, ತಾಳಮದ್ದಳೆ ಎಲ್ಲವೂ ಬೆರೆತಿವೆ. ಕೆಲವಕ್ಕೆ ಬೂಷ್ಟು ಹಿಡಿದಿದೆ. ‘ಎಲ್ಲವೂ ಮೊಬೈಲಿನಲ್ಲಿ ಸಿಗುತ್ತದೆ, ಗುಜರಿಗೆ ಹಾಕಿ’ ಎನ್ನುತ್ತಾನೆ ಮಗ. ಯಜಮಾನರಿಗೆ ಮನಸ್ಸು ಬರುತ್ತಿಲ್ಲ. ಏನು ಮಾಡಲಿ?
– ಓದುಗರೊಬ್ಬರು, ಕುಂದಾಪುರ ತಾಲ್ಲೂಕು

ಉತ್ತರ: ಮಗ ಹೇಳುವುದರಲ್ಲಿ ಅರ್ಧ ಸರಿ, ತಾಯಿ. ಸಿನಿಮಾ ಹಾಡಿನ ಕ್ಯಾಸೆಟ್‌ಗಳನ್ನು ಧಾರಾಳವಾಗಿ ಕೊಟ್ಟುಬಿಡಿ. ಹೆಸರಾಂತ ಚಿತ್ರಗಳ ಹಾಡುಗಳು ಆ್ಯಪ್‌ಗಳಲ್ಲಿವೆ, ಕ್ಯಾಸೆಟ್ಟಿಗಿಂತ ಚೊಕ್ಕವಾಗಿಯೇ ಕೇಳುತ್ತವೆ. ಟೇಪ್ ರೆಕಾರ್ಡರ್ ರಿಪೇರಿ ಮಾಡಿ ಸಂಸಾರ ಸಾಗಿಸಿದವನು ನಾನು. ಕ್ಯಾಸೆಟ್ಟಿನ ಧ್ವನಿಯಲ್ಲಿ ಏನೋ ಆಪ್ತತೆ ಇತ್ತು ಎಂದು ಈಗಿನ ಹುಡುಗರು ಬರೆಯುವುದನ್ನು ಓದಿದರೆ ನಗು ಬರುತ್ತದೆ. ಎಷ್ಟೋ ಸಲ ಆ ಆಪ್ತತೆ ಎಂದರೆ ಹೆಡ್ಡಿಗೆ, ಅಂದರೆ ಯಂತ್ರದಲ್ಲಿ ಟೇಪನ್ನು ಓದುವ ಭಾಗಕ್ಕೆ, ಕಟ್ಟಿದ ಕೊಳೆ. ಸ್ಪಿರಿಟ್ ಹಚ್ಚಿ ಒರೆಸಿದರೆ ಹೊರಟುಹೋಗುತ್ತಿತ್ತು.

ಆದರೆ ಯಕ್ಷಗಾನದ, ಅದರಲ್ಲೂ ತಾಳಮದ್ದಳೆಯ ಕ್ಯಾಸೆಟ್‌ಗಳನ್ನು ಯಾರ ಕೈಗೂ ಕೊಡಬೇಡಿ. ನಿಮ್ಮ ಊರಿನವರಿಗೆ ನಾನು ಹೇಳಬೇಕಾದ್ದಿಲ್ಲ, ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಮಾತೇ ಎಲ್ಲ. ಆ ಮಾತೂ ಬರೆದು ಬಾಯಿಪಾಠ ಮಾಡಿದ್ದಲ್ಲ. ತಾಳಮದ್ದಳೆಯ ಹೆಸರಾಂತ ಮಾತುಗಾರ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಒಂದು ಊರಿನಲ್ಲಿ ಹೂಡಿದ ವಾದವನ್ನು ಇನ್ನೊಂದು ಊರಿನಲ್ಲಿ ಹಾಗೆಯೇ ಹೂಡುತ್ತಾನೆಂಬ ಭರವಸೆ ಇರಲಿಲ್ಲ. ಎದುರಿಗೆ ರಾಮನಾಗಿ ಕುಳಿತವರು ಯಾರು ಎಂಬುದರ ಮೇಲೆ ಅದು ನಿಂತಿರುತ್ತಿತ್ತು. ಹೀಗಾಗಿ ಅದೇ ಪ್ರಸಂಗ, ಅದೇ ಕಲಾವಿದರು ಆ್ಯಪ್‌ನಲ್ಲಿ ಸಿಕ್ಕರೂ ನಿಮ್ಮ ಟ್ರಂಕಿನಲ್ಲಿರುವ ರಾತ್ರಿ ಅಲ್ಲಿ ಸಿಗುವುದಿಲ್ಲ. ಸಾಲಿಗ್ರಾಮ ಮೇಳದ ಭಾಗವತ ಕಾಳಿಂಗ ನಾವಡರು 1990ರಲ್ಲಿ ಅಪಘಾತದಲ್ಲಿ ತೀರಿಕೊಂಡರು, ಇನ್ನೂ ಎಳೆಯ ವಯಸ್ಸು. ಅವರು ಹಾಡಿದ ಕಾಲವೆಲ್ಲ ಕ್ಯಾಸೆಟ್ಟಿನ ಕಾಲ. ಆಟ ನೋಡಲು ಹೋದವರು ಧ್ವನಿವರ್ಧಕದ ಹತ್ತಿರ ಟೇಪ್ ರೆಕಾರ್ಡರ್ ಇಟ್ಟು ತುಂಬಿಸಿಕೊಂಡು ಬಂದದ್ದು ಎಷ್ಟೋ ಇದೆ. ಆದ್ದರಿಂದ ಮೊದಲು ಒಳಗಿನ ಕಾಗದ ನೋಡಿ. ಮಾವನವರ ಕೈಬರಹವಿದ್ದರೆ ಅದರ ಇನ್ನೊಂದು ಪ್ರತಿ ಎಲ್ಲೂ ಇರಲಾರದು. ಊರಿನ ಸಣ್ಣ ಕಂಪನಿಯ ಮುದ್ರಣವಿದ್ದರೆ ಆ್ಯಪ್‌ನಲ್ಲಿ, ಯೂಟ್ಯೂಬಿನಲ್ಲಿ ಹುಡುಕಿ ನೋಡಿ, ಸಿಗದಿದ್ದರೆ ಅದನ್ನೂ ಇಟ್ಟುಕೊಳ್ಳಿ. ಭಾವಗೀತೆಗೂ ಇದೇ ಲೆಕ್ಕ.

ಬೂಷ್ಟು ಹಿಡಿದದ್ದನ್ನು ಹಾಗೆಯೇ ಯಂತ್ರಕ್ಕೆ ಹಾಕಬೇಡಿ. ಅದು ಹೆಡ್ಡಿಗೆ ಅಂಟಿ, ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಮಳೆಗಾಲ ಕಳೆಯಲಿ. ಆಮೇಲೆ ನೆರಳಿನಲ್ಲಿ ಗಾಳಿಗೆ ಇಟ್ಟು ಒಣಗಿಸಿ. ಬಿಸಿಲಿಗೆ ಇಟ್ಟರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಸ್ಕ್ರೂ ಇರುವ ಕ್ಯಾಸೆಟ್ಟಾದರೆ ಬಿಚ್ಚಿ, ಸುರುಳಿಯ ಅಂಚನ್ನು ಒಣಬಟ್ಟೆಯಿಂದ ಒರೆಸಬಹುದು. ಆಗ ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ, ಆ ಧೂಳು ಎದೆಗೆ ಒಳ್ಳೆಯದಲ್ಲ. ಬಿಚ್ಚಿದಾಗ ಟೇಪಿನ ಹಿಂದಿರುವ ತೆಳು ಲೋಹದ ಪಟ್ಟಿಯನ್ನೂ ನೋಡಿ. ಅದರ ಮೇಲೆ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಮೆತ್ತನೆಯ ತುಂಡೊಂದು ಇರಬೇಕು. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವುದು ಅದೇ. ಹಳೆಯದರಲ್ಲಿ ಗೋಂದು ಬಿಟ್ಟು ಉದುರಿಹೋಗಿರುತ್ತದೆ. ಆಗ ಧ್ವನಿ ಮಂಕಾಗಿ, ಒಮ್ಮೆ ಕೇಳಿಸಿ ಒಮ್ಮೆ ಕೇಳಿಸದಂತಾಗುತ್ತದೆ. ಜನ ಟೇಪ್ ಸತ್ತಿತೆಂದು ಎಸೆಯುತ್ತಾರೆ. ಕೊಡಲು ಎತ್ತಿಟ್ಟ ಸಿನಿಮಾ ಕ್ಯಾಸೆಟ್ಟಿನಿಂದ ಆ ಪಟ್ಟಿಯನ್ನು ತೆಗೆದು ಇದಕ್ಕೆ ಕೂರಿಸಿ, ಮತ್ತೆ ಹಾಡುತ್ತದೆ.

ನಂತರದ್ದು ಮಗನ ಕೆಲಸ. ಟೇಪ್ ರೆಕಾರ್ಡರಿನ ಹೆಡ್‌ಫೋನ್ ಕಿಂಡಿಯಿಂದ ಕಂಪ್ಯೂಟರಿನ ಲೈನ್-ಇನ್‌ಗೆ (ಧ್ವನಿ ಒಳಗೆ ಹೋಗುವ ಕಿಂಡಿ) ಒಂದು ವೈರು. ಆಡಾಸಿಟಿ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ವೇವ್ ರೂಪದಲ್ಲಿ ಉಳಿಸಿದರೆ ಗಂಟೆಗೆ ಸುಮಾರು 600 ಎಂಬಿ ಆಗುತ್ತದೆ, ಇಂದಿನ ಡಿಸ್ಕ್‌ಗಳಿಗೆ ಅದು ಏನೂ ಅಲ್ಲ. ಒಂದು ಗಂಟೆಯ ಟೇಪಿಗೆ ಒಂದು ಗಂಟೆ ಕೂರಲೇಬೇಕು. ತಂತ್ರಾಂಶದಲ್ಲಿ ಗೊರಗೊರ ಸದ್ದು ತೆಗೆಯುವ ಸೌಲಭ್ಯವಿದೆ, ಹುಡುಗರು ಮೊದಲು ಅದನ್ನೇ ಒತ್ತುತ್ತಾರೆ. ಅದು ಜಾಗಟೆಯ ಗುಂಗನ್ನೂ ಸೇರಿಸಿ ಒರೆಸಿಹಾಕುತ್ತದೆ. ಮೂಲವನ್ನು ಇದ್ದಂತೆಯೇ ಉಳಿಸಿ, ಎರಡು ಡಿಸ್ಕ್‌ಗಳಲ್ಲಿಡಿ. ಅಲಂಕಾರ ಏನಿದ್ದರೂ ಇನ್ನೊಂದು ಪ್ರತಿಯಲ್ಲಿ. ಕಡತದ ಹೆಸರಿನಲ್ಲಿ ಊರು, ದಿನಾಂಕ, ಕಲಾವಿದರು ಇರಲಿ. ಸ್ವಂತ ಬಳಕೆಗೆ ಪ್ರತಿ ಮಾಡಿಕೊಳ್ಳಲು ನಮ್ಮ ಕೃತಿಸ್ವಾಮ್ಯ ಕಾಯ್ದೆ ಅವಕಾಶ ಕೊಡುತ್ತದೆ. ಕಂಪನಿಯ ಕ್ಯಾಸೆಟ್ಟನ್ನು ಅಂತರ್ಜಾಲಕ್ಕೆ ಏರಿಸುವುದು ಬೇರೆ ಮಾತು: ಧ್ವನಿಮುದ್ರಣ ಪ್ರಕಟವಾಗಿ 60 ವರ್ಷ ಹಕ್ಕು ಇರುತ್ತದೆ.

ಪ್ರಶ್ನೆ: ಸಂಗೀತದ ಆ್ಯಪ್ ಒಂದಕ್ಕೆ ಚಂದಾ ಕಟ್ಟಿ ಡೌನ್‌ಲೋಡ್ ಮಾಡಿಟ್ಟಿದ್ದ ಹಾಡುಗಳಲ್ಲಿ ಕೆಲವು ಈಗ ತೆರೆಯುವುದೇ ಇಲ್ಲ. ದುಡ್ಡು ಕೊಟ್ಟದ್ದು ನನ್ನದಲ್ಲವೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಅಲ್ಲ. ನೀವು ಕೊಟ್ಟದ್ದು ಕೇಳುವ ಅನುಮತಿಗೆ ತಿಂಗಳ ಬಾಡಿಗೆ. ಇಳಿಸಿಕೊಂಡ ಕಡತಕ್ಕೂ ಬೀಗವಿದೆ, ಕೀಲಿ ಆ್ಯಪ್‌ನವರ ಬಳಿ. ಹಾಡಿನ ಕಂಪನಿಗೂ ಆ್ಯಪ್‌ಗೂ ಒಪ್ಪಂದ ಮುರಿದರೆ ಹಾಡು ಹೋಗುತ್ತದೆ. 2023ರಲ್ಲಿ ಜೀ ಮ್ಯೂಸಿಕ್‌ಗೂ ಸ್ಪಾಟಿಫೈಗೂ ವ್ಯವಹಾರ ಕುದುರದೆ ರಾಶಿ ಹಿಂದಿ ಹಾಡುಗಳು ಅಲ್ಲಿಂದ ಮಾಯವಾಗಿದ್ದವು. 2024ರಲ್ಲಿ ರೆಸ್ಸೊ ಎಂಬ ಆ್ಯಪ್ ಭಾರತದಲ್ಲಿ ಬಾಗಿಲು ಹಾಕಿತು, ವಿಂಕ್ ಆ್ಯಪ್ ಕೂಡ ಅದೇ ವರ್ಷ ಮುಚ್ಚಿತು. ಹಾಗೆಂದು ಚಂದಾ ನಿಲ್ಲಿಸಬೇಡಿ. ಕೇಳದ ಹಾಡು ಹುಡುಕಲು ಅದಕ್ಕಿಂತ ಸುಲಭದ ದಾರಿ ಇಲ್ಲ. ಬಿಟ್ಟಿರಲಾಗದ ಹತ್ತಿಪ್ಪತ್ತು ಆಲ್ಬಮ್‌ಗಳನ್ನು ಮಾತ್ರ ಸಿಡಿಯಲ್ಲೋ ಬೀಗವಿಲ್ಲದ ಕಡತವಾಗಿಯೋ ಕೊಂಡುಕೊಳ್ಳಿ.

ಪ್ರಶ್ನೆ: ಎಲ್‌ಪಿ (ಗ್ರಾಮಫೋನ್) ತಟ್ಟೆಯ ಧ್ವನಿ ನಿಜಕ್ಕೂ ಉತ್ತಮವೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಹೊಸದಾಗಿ ಅಚ್ಚು ಹಾಕುವ ಬಹಳಷ್ಟು ತಟ್ಟೆಗಳ ಮೂಲವೇ ಡಿಜಿಟಲ್, ತಟ್ಟೆಗೆ ಇಳಿಸಿದ ಮಾತ್ರಕ್ಕೆ ಅದು ಉತ್ತಮವಾಗುವುದಿಲ್ಲ. ಧ್ವನಿಗಾಗಿ ಎಂದು ನಿಮ್ಮನ್ನು ನೀವೇ ನಂಬಿಸಿಕೊಳ್ಳಬೇಡಿ, ದೊಡ್ಡ ಹೊದಿಕೆಯ ಚಂದಕ್ಕಾಗಿ ಕೊಂಡರೂ ತಪ್ಪಿಲ್ಲ. ಕೊಂಡ ಮೇಲೆ ಪುಸ್ತಕದಂತೆ ನಿಲ್ಲಿಸಿಡಿ, ಒಂದರ ಮೇಲೊಂದು ಪೇರಿಸಬೇಡಿ. ಹಳೆಯ ಪ್ಲೇಯರ್ ಕೊಳ್ಳುವುದಾದರೆ ಅದಕ್ಕೆ ಹೊಂದುವ ಸೂಜಿ ಈಗಲೂ ಸಿಗುತ್ತದೆಯೇ ಎಂದು ಮೊದಲು ವಿಚಾರಿಸಿ, ದರದ ಮಾತು ಆಮೇಲೆ.