‘ತೃಪ್ತಿಕರ’ ಎಂದು ನಾನೇ ಬರೆದುಕೊಟ್ಟಿದ್ದೆ

ಸಮೀಕ್ಷೆ ಮಾಡುವವರ ಮುಂದೆ ಸರ್ಕಾರಿ ಸೇವೆ ಚೆನ್ನಾಗಿದೆ ಎನ್ನುವ ಜನರೇ ಕಚೇರಿಗೆ ಅಲೆದು ಬೇಸತ್ತಿರುತ್ತಾರಲ್ಲ, ಯಾವುದು ಸುಳ್ಳು ಎಂದು ಕೇಳಿದ್ದೀರಿ. ಆ ಜನರಲ್ಲಿ ನಾನೂ ಒಬ್ಬ.

ನಮ್ಮದು ಚಿತ್ರದುರ್ಗ ಜಿಲ್ಲೆಯಲ್ಲಿ ಮಳೆಯನ್ನೇ ನಂಬಿದ 3 ಎಕರೆ 20 ಗುಂಟೆ ಶೇಂಗಾ ಹೊಲ. ತಂದೆಯವರು ತೀರಿಕೊಂಡ ಮೇಲೆ ಪೌತಿ ಖಾತೆಗೆ, ಅಂದರೆ ಹೊಲವನ್ನು ವಾರಸುದಾರನಾದ ನನ್ನ ಹೆಸರಿಗೆ ಮಾಡಿಸಲು, ಅರ್ಜಿ ಕೊಟ್ಟೆ. ಮರಣ ಪ್ರಮಾಣಪತ್ರ, ವಂಶವೃಕ್ಷ ಎಲ್ಲವನ್ನೂ ಲಗತ್ತಿಸಿದ್ದರೂ ಏಳು ಸಲ ಬರಿಗೈಯಲ್ಲಿ ಹಿಂದಿರುಗಿದೆ. ಒಮ್ಮೆ ಸಾಹೇಬರು ಮೀಟಿಂಗಿಗೆ ಹೋಗಿದ್ದರೆ ಇನ್ನೊಮ್ಮೆ ಸರ್ವರ್ ಕೆಲಸ ಮಾಡುತ್ತಿರಲಿಲ್ಲ. ಎಂಟನೆಯ ಸಲ, 2016ರ ಮುಂಗಾರಿನ ಆರಂಭದಲ್ಲಿ, ನನ್ನ ಹೆಸರಿದ್ದ ಪಹಣಿ ಕೈಗೆ ಬಂತು. ಗುಮಾಸ್ತರು ಒಂದು ಅಭಿಪ್ರಾಯ ನಮೂನೆಯನ್ನು ಮುಂದಿಟ್ಟರು. ‘ತೃಪ್ತಿಕರ’ ಎಂದು ಬರೆದು ಸಹಿ ಹಾಕಿದೆ.

ನನ್ನ ತಪ್ಪು ಅದೇ. ಯಾರೂ ಒತ್ತಾಯಿಸಿರಲಿಲ್ಲ, ಹೆದರಿಸಿರಲಿಲ್ಲ. ನನಗೆ ನಿಜವಾಗಿಯೂ ತೃಪ್ತಿಯಾಗಿತ್ತು. ಆಗುವುದೇ ಇಲ್ಲ ಎಂದುಕೊಂಡಿದ್ದ ಕೆಲಸ ಆದಾಗ, ಕಳೆದುಕೊಂಡ ಏಳು ದಿನಗಳ ಕೂಲಿಯೂ ಬಸ್ಸಿನ ಖರ್ಚೂ ಆ ಗಳಿಗೆಯಲ್ಲಿ ಮರೆತುಹೋಗಿ, ಕಾಗದ ಕೊಟ್ಟವರು ಉಪಕಾರ ಮಾಡಿದಂತೆ ಕಂಡರು. ಪಹಣಿಯಲ್ಲಿ ಹೆಸರನ್ನು ನೋಡಿದೆ, ವಿಸ್ತೀರ್ಣವನ್ನು ನೋಡಲಿಲ್ಲ. ಅಲ್ಲಿ 2 ಎಕರೆ 20 ಗುಂಟೆ ಎಂದಿತ್ತು. ಆ ಮುಂಗಾರಿನಲ್ಲಿ ಹೊಸದಾಗಿ ಬಂದಿದ್ದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಗೆ ಹೆಸರು ಬರೆಸಲು ಹೋದಾಗ ಬ್ಯಾಂಕಿನವರು ಅದನ್ನು ತೋರಿಸಿದರು. ಮರುದಿನ ಕಚೇರಿಗೆ ಓಡಿದರೆ ನನ್ನದೇ ಕೈಬರಹವನ್ನು ಎದುರಿಗಿಟ್ಟು, ಹೊಸದಾಗಿ ತಿದ್ದುಪಡಿ ಅರ್ಜಿ ಕೊಡಿ ಎಂದರು. ಮಳೆ ಕೈಕೊಟ್ಟು ಬೆಳೆ ಒಣಗಿತು. ಒಂದು ಎಕರೆಗೆ ವಿಮೆಯೇ ಇರಲಿಲ್ಲ.

ಆದ್ದರಿಂದ ಯಾವುದು ಸುಳ್ಳು ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ತೃಪ್ತಿ ನಮ್ಮ ನಿರೀಕ್ಷೆಯನ್ನು ಅಳೆಯುತ್ತದೆ, ಕೆಲಸವನ್ನಲ್ಲ. ನಮ್ಮ ಸೀಮೆಯಲ್ಲಿ ನಿರೀಕ್ಷೆ ಬಹಳ ಕೆಳಗಿದೆ. ಸ್ಯಾಮ್ಯುಯೆಲ್ ಪಾಲ್ ಮತ್ತು ಅವರ ಸಂಗಡಿಗರು ಬೆಂಗಳೂರಿನಲ್ಲಿ 1994ರಲ್ಲಿ, ಅನಂತರ 1999 ಮತ್ತು 2003ರಲ್ಲಿ ಹೊರತಂದ ನಾಗರಿಕ ವರದಿ ಕಾರ್ಡುಗಳು, ಅಂದರೆ ಸಾರ್ವಜನಿಕ ಸೇವೆಗಳ ಬಗ್ಗೆ ಬಳಸುವ ಜನರನ್ನೇ ಕೇಳಿ ಮಾಡಿದ ಸಮೀಕ್ಷೆಗಳು, ತೃಪ್ತಿಯೊಂದನ್ನೇ ಕೇಳಿ ಬಿಡಲಿಲ್ಲ; ಎಷ್ಟು ಸಲ ಹೋದಿರಿ, ಕೆಲಸ ಆಯಿತೇ, ಲಂಚ ಕೊಟ್ಟಿರಾ ಎಂದೂ ಕೇಳಿದವು. ನಾನು ನಂಬುವುದು ಅಂಥ ಲೆಕ್ಕವನ್ನು ಮಾತ್ರ.

ನೀವು ಯಾವ ಕಚೇರಿಗೆ ಹೋದರೂ, ಸರ್ಕಾರಿ ಸೇವೆಗಳನ್ನು ಗಡುವಿನೊಳಗೆ ಕೊಡಬೇಕೆನ್ನುವ ಕರ್ನಾಟಕದ ಸಕಾಲ ಕಾಯ್ದೆಯ 15 ಅಂಕಿಗಳ ಸಂಖ್ಯೆಯಿರುವ ಸ್ವೀಕೃತಿಯನ್ನು ಕೇಳಿ ಪಡೆಯಿರಿ. 2012ರ ಏಪ್ರಿಲ್ 2ರಿಂದ ರಾಜ್ಯದಾದ್ಯಂತ ಜಾರಿಯಲ್ಲಿರುವ ಆ ಕಾಯ್ದೆಯಡಿ ಗೊತ್ತುಪಡಿಸಿದ ಸೇವೆಗಳಿಗೆ ಗಡುವಿದೆ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವಿದೆ. ಮೊತ್ತ ಸಣ್ಣದೇ, ಆದರೆ ವಿಳಂಬವು ಕಾಗದದ ಮೇಲೆ ಬರುತ್ತದೆ. ನಾನು ಆ ಸಂಖ್ಯೆಯನ್ನೂ ಕೇಳಿರಲಿಲ್ಲ.

ತಿದ್ದುಪಡಿಯಾದ ಪಹಣಿ ಸಿಕ್ಕಿದ್ದು ಮರುವರ್ಷ ಯುಗಾದಿ ಕಳೆದ ಮೇಲೆ. ಅಂದು ಅಲ್ಲೇ ನಿಂತು ಸರ್ವೆ ನಂಬರು, ವಿಸ್ತೀರ್ಣ, ಹೆಸರು ಮೂರನ್ನೂ ಓದಿದೆ. ಆಮೇಲೆ ಅಭಿಪ್ರಾಯ ನಮೂನೆಯಲ್ಲಿ ನಾನು ಓಡಾಡಿದ ತಾರೀಖುಗಳನ್ನು ಮಾತ್ರ ಒಂದರ ಕೆಳಗೊಂದು ಬರೆದು ಕೊಟ್ಟು ಬಂದೆ.